ಮಾರುವ ತೈಲ ಒಂದೇ, ಬೆಲೆಯೇರಿಕೆ ಮಾತ್ರ ಬೇರೆ ಬೇರೆ: ಕುವೈತ್ ಬಿಟ್ಟು ದುಬೈಗೆ ಹೋಗಲೇ?

ಪ್ರಶ್ನೆ

"ಸರ್, ನಾನು ಕುಂದಾಪುರ ಕಡೆಯವನು. ಒಂಬತ್ತು ವರ್ಷ ನಾಲ್ಕು ತಿಂಗಳಿನಿಂದ ಕುವೈತಿನ ಮಂಗಾಫ್‌ನಲ್ಲಿದ್ದೇನೆ. ಏಸಿ ದುರಸ್ತಿಯ ಕೆಲಸ, ಸಂಬಳ 450 ದಿನಾರ್. ಒಂದೇ ಕೋಣೆಯಲ್ಲಿ ನಾಲ್ವರಿದ್ದೇವೆ. ತಿಂಗಳಿಗೆ 250 ದಿನಾರ್ ಊರಿಗೆ ಕಳಿಸುತ್ತೇನೆ. ಈಗ ದುಬೈಯ ಕಂಪನಿಯೊಂದು 6,500 ದಿರ್ಹಂಗೆ ಕರೆದಿದೆ. ಅದರಲ್ಲಿ ಮೂಲ ವೇತನ 2,800, ಉಳಿದದ್ದು ಮನೆ ಮತ್ತು ಓಡಾಟದ ಭತ್ಯೆ. ಹೆಂಡತಿಯನ್ನೂ ಮೂರನೇ ತರಗತಿಯಲ್ಲಿರುವ ಮಗಳನ್ನೂ ಕರೆಸಿಕೊಳ್ಳಬಹುದು ಎಂಬುದೇ ನನ್ನ ದೊಡ್ಡ ಆಸೆ. ಇಲ್ಲಿ 800 ದಿನಾರ್ ಸಂಬಳವಿಲ್ಲದೆ ಫ್ಯಾಮಿಲಿ ವೀಸಾ ಸಿಗುವುದಿಲ್ಲ.

ಆದರೆ ಶಾರ್ಜಾದಲ್ಲಿರುವ ಭಾವ 'ಇಲ್ಲಿನ ಬಾಡಿಗೆ ನೋಡಿದರೆ ನೀನು ಬರಲಾರೆ' ಎನ್ನುತ್ತಾರೆ. ಜುಬೈಲ್‌ನಲ್ಲಿರುವ ದೊಡ್ಡಪ್ಪನ ಮಗ 'ಸೌದಿಯಲ್ಲಿ ಬೆಲೆ ಏರಿಲ್ಲವೆಂದು ಪತ್ರಿಕೆಯಲ್ಲಿ ಬರುತ್ತದೆ, ಆದರೆ 2018ರಲ್ಲಿ ನಾನು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಬೇಕಾಯಿತು' ಎನ್ನುತ್ತಾನೆ. ನನ್ನ ಕೋಣೆಯವರು 'ಜಗತ್ತಿನಲ್ಲೇ ಅತಿ ಬೆಲೆಯ ನಾಣ್ಯ ದಿನಾರ್, ಅದನ್ನು ಬಿಟ್ಟು ಹೋಗುತ್ತೀಯಾ?' ಎಂದು ಕೇಳುತ್ತಾರೆ. ಸಮುದ್ರದ ಆಚೆ ಇರಾನಿನಲ್ಲೋ ಹಣಕ್ಕೆ ಬೆಲೆಯೇ ಇಲ್ಲವಂತೆ. ಎಲ್ಲರೂ ಮಾರುವುದು ಅದೇ ತೈಲವಲ್ಲವೇ? ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಬೆಲೆಯೇರಿಕೆ ಏಕೆ? ನಾನು ಹೋಗಲೇ, ಇರಲೇ? ಹೋದರೆ ಅಲ್ಲಿನ ಬ್ಯಾಂಕಿನಲ್ಲಿ ಸಾಲ ತೆಗೆದು ಊರಿನಲ್ಲಿ ಒಂದು ಸೈಟು ಕೊಳ್ಳಬೇಕೆಂದಿದ್ದೇನೆ, ಸರಿಯೇ?"

ಉತ್ತರ

ಹೆಚ್ಚು ಸಿಗುವ ಸಂಬಳವನ್ನು ದುಬೈಯ ಬೆಲೆಯೇರಿಕೆ ನುಂಗಿಬಿಟ್ಟರೆ ಏನು ಗತಿ ಎಂಬುದು ನಿಮ್ಮ ಆತಂಕ. ಹದಿನಾರು ವರ್ಷ ಬಹರೇನ್ ಮತ್ತು ದುಬೈಯ ಬ್ಯಾಂಕುಗಳ ಅರ್ಥಶಾಸ್ತ್ರ ವಿಭಾಗದಲ್ಲಿ ಕುಳಿತು ಇದೇ ಅಂಕಿಗಳನ್ನು ತಿಂಗಳು ತಿಂಗಳೂ ಲೆಕ್ಕ ಹಾಕಿದವನು ನಾನು. ಆ ಅಂಕಿಗಳು ನಿಮ್ಮಂಥವರ ಬದುಕನ್ನು ಎಷ್ಟು ಹೇಳುತ್ತವೆ, ಎಷ್ಟು ಹೇಳುವುದಿಲ್ಲ ಎಂಬುದನ್ನೂ ಅಲ್ಲಿಯೇ ಕಲಿತೆ. ನಿಮ್ಮ ಭಾವ ಹೇಳಿದ್ದು ನಿಜ, ದೊಡ್ಡಪ್ಪನ ಮಗ ಹೇಳಿದ್ದೂ ನಿಜ. ದಿನಾರ್ ದೊಡ್ಡ ನಾಣ್ಯವೆಂಬ ಕೋಣೆಯವರ ಮಾತು ನಿಜವಾದರೂ ಅವರ ತರ್ಕ ತಪ್ಪು. ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಇದರಲ್ಲಿ ನಮ್ಮ ರೂಪಾಯಿಯ ಕಥೆಯೂ ಇದೆ.

ನಿಮ್ಮ ಅಜ್ಜನ ಕಾಲದಲ್ಲಿ ಕುವೈತ್, ಕತಾರ್, ದುಬೈಗಳಲ್ಲಿ ನಡೆಯುತ್ತಿದ್ದದ್ದು ಭಾರತದ ರೂಪಾಯಿ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಆ ಭಾಗಕ್ಕೆಂದೇ ಪ್ರತ್ಯೇಕ ನೋಟು ಅಚ್ಚು ಹಾಕಿಸಿತು. ಅದನ್ನು 'ಗಲ್ಫ್ ರೂಪಾಯಿ' ಎನ್ನುತ್ತಿದ್ದರು. 1961ರಲ್ಲಿ ಕುವೈತ್ ತನ್ನದೇ ದಿನಾರ್ ತಂದಾಗ ಅದನ್ನು ಒಂದು ಬ್ರಿಟಿಷ್ ಪೌಂಡಿಗೆ ಸಮ ಎಂದು ನಿಗದಿ ಮಾಡಿತು. ಆಗ ಒಂದು ಪೌಂಡಿಗೆ ಹದಿಮೂರು ರೂಪಾಯಿ ಐದಾಣೆ ನಾಲ್ಕು ಪೈ, ಆದ್ದರಿಂದ ಒಂದು ದಿನಾರಿಗೂ ಅಷ್ಟೇ. ದುಬೈ ಮತ್ತು ಕತಾರ್ 1966ರಲ್ಲಿ ತಂದ ರಿಯಾಲ್ ಮಾತ್ರ ಹಳೆಯ ರೂಪಾಯಿಗೆ ಸಮವಾಗಿ ಹುಟ್ಟಿತು. 1973ರಲ್ಲಿ ಬಂದ ದಿರ್ಹಂ ಆ ರಿಯಾಲಿನ ಜಾಗದಲ್ಲಿ ಒಂದಕ್ಕೊಂದರಂತೆ ಕುಳಿತಿತು. ಎಂದರೆ ದಿನಾರ್ ಪೌಂಡಿನ ಕೂಸು, ದಿರ್ಹಂ ರೂಪಾಯಿಯ ಕೂಸು. ದಿನಾರ್ ದೊಡ್ಡದಾಗಿ ಕಾಣಲು ಹುಟ್ಟುವಾಗ ಹಿಡಿದ ಅಳತೆಗೋಲೇ ಕಾರಣ. ಸೇರಿನಲ್ಲಿ ಅಳೆದರೂ ಪಾವಿನಲ್ಲಿ ಅಳೆದರೂ ಅಕ್ಕಿ ಅಷ್ಟೇ ಇರುತ್ತದೆ. ನಿಮ್ಮ 450 ದಿನಾರ್ ಸುಮಾರು 5,400 ದಿರ್ಹಂಗೆ ಸಮ. ಆದ್ದರಿಂದ ದುಬೈಯ ಕರೆಯಲ್ಲಿರುವ ಏರಿಕೆ ನೂರಕ್ಕೆ ಇಪ್ಪತ್ತರಷ್ಟು, ಅಷ್ಟೇ.

ದುಬೈ, ಕತಾರ್ ರೂಪಾಯಿಯನ್ನು ಬಿಟ್ಟದ್ದು ಏಕೆಂದು ಕೇಳಿದರೆ ಇವತ್ತಿನ ಬೆಲೆಯೇರಿಕೆಯ ಗುಟ್ಟೂ ಅಲ್ಲಿಯೇ ಸಿಗುತ್ತದೆ. 1966ರ ಜೂನ್ 6ರಂದು ಭಾರತ ರೂಪಾಯಿಯನ್ನು ಅಪಮೌಲ್ಯಗೊಳಿಸಿತು. ಒಂದು ಡಾಲರ್‌ಗೆ 4.76 ರೂಪಾಯಿ ಇದ್ದದ್ದು ರಾತ್ರಿ ಕಳೆಯುವುದರೊಳಗೆ 7.50 ಆಯಿತು. ನಮ್ಮಲ್ಲಿ ಬರ ಬಿದ್ದಿತ್ತು, ವಿದೇಶಿ ವಿನಿಮಯ ಬರಿದಾಗಿತ್ತು. ಆ ಕಷ್ಟಕ್ಕೆ ದೋಹಾದ ವ್ಯಾಪಾರಿ ಕಾರಣನಲ್ಲ, ಆದರೂ ಅವನ ಪೆಟ್ಟಿಗೆಯಲ್ಲಿದ್ದ ಹಣ ಮೂರನೇ ಒಂದಕ್ಕಿಂತ ಹೆಚ್ಚು ಕರಗಿತು. ತನ್ನ ಹಣವನ್ನು ಬೇರೆ ದೇಶದ ಹಣಕ್ಕೆ ಕಟ್ಟಿಕೊಂಡವನು ಆ ದೇಶದ ಮಳೆ ಬಿಸಿಲಿಗೂ ಮೈಯೊಡ್ಡಬೇಕಾಗುತ್ತದೆ.

ಮುಂದೆ ಇವರೆಲ್ಲರೂ ತಮ್ಮ ಹಗ್ಗವನ್ನು ಡಾಲರ್‌ಗೆ ಕಟ್ಟಿದರು. ಒಂದು ಡಾಲರ್‌ಗೆ ಸೌದಿ ರಿಯಾಲ್ 3.75 ಎಂಬುದು 1986ರಿಂದ ಕದಲಿಲ್ಲ. ದಿರ್ಹಂ 1997ರಿಂದ 3.6725ರಲ್ಲಿದೆ. ಕತಾರ್ ರಿಯಾಲ್ 3.64. ಒಮಾನ್, ಬಹರೇನ್ ಕೂಡ ಹಾಗೆಯೇ. ಕುವೈತ್ ಒಂದೇ ಬೇರೆ. 2003ರಲ್ಲಿ ಅದೂ ಡಾಲರ್‌ಗೆ ಕಟ್ಟಿಕೊಂಡಿತು, 2007ರ ಮೇ ತಿಂಗಳಲ್ಲಿ ಬಿಚ್ಚಿಕೊಂಡು ಹಲವು ನಾಣ್ಯಗಳ ಒಂದು ಗೊಂಚಲಿಗೆ ಕಟ್ಟಿಕೊಂಡಿತು. ಯಾವ ನಾಣ್ಯದ ಪಾಲು ಎಷ್ಟೆಂಬುದನ್ನು ಅಲ್ಲಿನ ಕೇಂದ್ರ ಬ್ಯಾಂಕು ಹೊರಗೆ ಹೇಳುವುದಿಲ್ಲ.

2007ರಲ್ಲೇ ಏಕೆ ಬಿಚ್ಚಿಕೊಂಡಿತು? ಡಾಲರ್ ಇಳಿಯುತ್ತಿತ್ತು, ಹೊರಗಿನಿಂದ ತರಿಸುವ ಸಾಮಾನು ತುಟ್ಟಿಯಾಗುತ್ತಿತ್ತು. ಕಟ್ಟಿಕೊಂಡೇ ಉಳಿದವರಿಗೆ ಮುಂದಿನ ಒಂದು ವರ್ಷ ಇನ್ನೂ ಕಷ್ಟವಾಯಿತು. ಆಗ ತೈಲದ ಹಣ ಹೊಳೆಯಂತೆ ಹರಿದು ಬರುತ್ತಿತ್ತು. 2008ರ ಜುಲೈನಲ್ಲಿ ಪೀಪಾಯಿಯೊಂದಕ್ಕೆ 147 ಡಾಲರ್‌ವರೆಗೂ ಹೋಯಿತು. ಊರೆಲ್ಲ ಕಟ್ಟಡ, ಕ್ರೇನು, ಹೊಸ ಕೆಲಸಗಾರರು. ಇಂಥ ಹೊತ್ತಿನಲ್ಲಿ ಯಾವ ದೇಶವಾದರೂ ಬಡ್ಡಿ ಏರಿಸಿ ಹಣದ ಹರಿವಿಗೆ ಕಟ್ಟೆ ಹಾಕುತ್ತದೆ. ಆದರೆ ಅಮೆರಿಕದಲ್ಲಿ ಮನೆ ಸಾಲದ ಬಿಕ್ಕಟ್ಟು ಶುರುವಾಗಿತ್ತು. ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 2007ರ ಸೆಪ್ಟೆಂಬರ್‌ನಲ್ಲಿ ಶೇ 5.25ರಷ್ಟಿದ್ದ ಬಡ್ಡಿಯನ್ನು 2008ರ ಏಪ್ರಿಲ್ ಹೊತ್ತಿಗೆ 2ಕ್ಕೆ ಇಳಿಸಿತ್ತು. ಡಾಲರ್‌ಗೆ ಕಟ್ಟಿಕೊಂಡವರು ಅದರ ಹಿಂದೆಯೇ ಇಳಿಸಬೇಕು, ಇಲ್ಲವಾದರೆ ಹೆಚ್ಚು ಬಡ್ಡಿಯ ಆಸೆಗೆ ಹೊರಗಿನ ಹಣ ನುಗ್ಗುತ್ತದೆ. ಜ್ವರ ಏರಿದವನಿಗೆ ಕಂಬಳಿ ಹೊದೆಸಿದಂತಾಯಿತು. ಸಾಲದ್ದಕ್ಕೆ ಡಾಲರೇ ಬಡವಾದ್ದರಿಂದ ಯುರೋಪಿನ ಯಂತ್ರ, ಭಾರತದ ಅಕ್ಕಿ ಎಲ್ಲ ತುಟ್ಟಿ. ದುಬೈ, ಶಾರ್ಜಾಗಳು ಸೇರಿರುವ ಯುಎಇ ತನ್ನ ಕೇಂದ್ರ ಸರ್ಕಾರಿ ನೌಕರರ ಸಂಬಳವನ್ನು 2008ರ ಜನವರಿಯಿಂದ ಶೇ 70ರಷ್ಟು ಏರಿಸಿದ್ದು ಇನ್ನಷ್ಟು ಬೆಂಕಿಗೆ ಸೌದೆ.

2008ರಲ್ಲಿ ಬೆಲೆಯೇರಿಕೆ ಕತಾರ್‌ನಲ್ಲಿ ಸುಮಾರು ಶೇ 15, ಯುಎಇ ಮತ್ತು ಒಮಾನ್‌ಗಳಲ್ಲಿ 12ರ ಆಸುಪಾಸು, ಸೌದಿಯಲ್ಲಿ 10ರ ಹತ್ತಿರ. ಬಹರೇನ್‌ನಲ್ಲಿ ಮೂರೂವರೆ. ಹಗ್ಗ ಬಿಚ್ಚಿಕೊಂಡ ಕುವೈತಿನಲ್ಲೂ ಹತ್ತೂವರೆ ಇತ್ತೆಂಬುದನ್ನು ಮರೆಯಬೇಡಿ. ಒಂದೇ ಡಾಲರ್‌ಗೆ ಕಟ್ಟಿಕೊಂಡ ಕತಾರ್, ಬಹರೇನ್‌ಗಳ ನಡುವೆ ಇಷ್ಟು ಅಂತರವಿದ್ದ ಮೇಲೆ ಹಗ್ಗವೊಂದನ್ನೇ ದೂರಿ ಫಲವಿಲ್ಲ. ಅಂತರ ಹುಟ್ಟಿದ್ದು ಮನೆ ಬಾಡಿಗೆಯಲ್ಲಿ.

ಆ ವರ್ಷ ಬೇಸಿಗೆಗೆ ಮುನ್ನ ಕೆಲಸದ ಮೇಲೆ ದೋಹಾಕ್ಕೆ ಹೋಗಿದ್ದೆ. ಮುಲ್ಕಿ ಕಡೆಯ ಗೆಳೆಯನ ಮನೆಯಲ್ಲಿ ಊಟ. ಮನೆಯೆಂದರೆ ಹಳೆಯ ವಿಲ್ಲಾದ ನಡುಮನೆ. ಪ್ಲೈವುಡ್ ಹಲಗೆ ಹೊಡೆದು ಅದನ್ನು ಮೂರು ಭಾಗ ಮಾಡಿದ್ದರು. ಹಲಗೆ ಚಾವಣಿಯವರೆಗೂ ಹೋಗಿರಲಿಲ್ಲ, ಒಂದು ಮೊಳ ಬಿಟ್ಟಿತ್ತು. ಆ ಸಂದಿಯಿಂದ ಪಕ್ಕದ ಸಂಸಾರದ ಟ್ಯೂಬ್‌ಲೈಟಿನ ಬೆಳಕು ಈಚೆಗೂ ಬೀಳುತ್ತಿತ್ತು, ಅವರ ಮಗು ಕೆಮ್ಮಿದ್ದು ನಮ್ಮ ತಟ್ಟೆಯ ಪಕ್ಕದಲ್ಲೇ ಕೇಳಿಸುತ್ತಿತ್ತು. ಗೆಳೆಯನ ಹೆಂಡತಿ ದನಿ ತಗ್ಗಿಸಿಯೇ ಬಡಿಸಿದರು. ಎರಡು ವರ್ಷದ ಹಿಂದೆ ಇಡೀ ವಿಲ್ಲಾಕ್ಕೆ ಕೊಡುತ್ತಿದ್ದಷ್ಟು ಬಾಡಿಗೆಯನ್ನು ಆ ಮೂರನೇ ಒಂದು ಭಾಗಕ್ಕೆ ಕೊಡುತ್ತಿದ್ದರು. ಮರುದಿನ ಕಚೇರಿಯಲ್ಲಿ 'ಕತಾರ್: ವಸತಿ ಘಟಕದ ಏರಿಕೆ' ಎಂದು ವರದಿಯಲ್ಲಿ ಬರೆಯುವಾಗ ನನಗೆ ಆ ಹಲಗೆಯೇ ಕಾಣುತ್ತಿತ್ತು.

ತೈಲದ ಹಣ ಬಂದಾಗ ಟೊಮೆಟೊ ಬೇಕಾದಷ್ಟು ತರಿಸಬಹುದು, ಮನೆಯನ್ನು ಹಡಗಿನಲ್ಲಿ ತರಿಸಲಾಗುವುದಿಲ್ಲ. ಜನ ಮೊದಲು ಬರುತ್ತಾರೆ, ಮನೆ ಎರಡು ಮೂರು ವರ್ಷ ತಡವಾಗಿ ಬರುತ್ತದೆ. ಆ ಮೂರು ವರ್ಷಗಳ ಸಂಕಟವೇ ಗಲ್ಫಿನ ಬೆಲೆಯೇರಿಕೆ. ಕಟ್ಟಿ ಮುಗಿದ ಮೇಲೆ ಮನೆಗಳು ಹೆಚ್ಚಾಗಿ, ಬಾಡಿಗೆ ಕುಸಿದು, ಬೆಲೆಯೇರಿಕೆಯ ದರ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಕತಾರ್‌ನಲ್ಲಿ 2009ರಲ್ಲಿ ಹಾಗೆಯೇ ಆಯಿತು, ಬೆಲೆಗಳು ಸುಮಾರು ಶೇ 5ರಷ್ಟು ಇಳಿದವು. ಬಹರೇನ್‌ನ ತೈಲ ಕಡಿಮೆ, ಹಾಗಾಗಿ ಹಣದ ನೆರೆಯೂ ಕಡಿಮೆ, ಬಂದು ಸೇರಿದ ಜನವೂ ಕಡಿಮೆ. ಮಾಂಸ, ಗೋಧಿಹಿಟ್ಟಿಗೆ ಆಗ ಸರ್ಕಾರದ ಸಬ್ಸಿಡಿಯೂ ಇತ್ತು. ದ್ವೀಪದವರು ಪಾರಾದದ್ದು ಹೀಗೆ. ಬಡವನಾಗಿದ್ದಕ್ಕೆ ಸಿಕ್ಕ ಲಾಭವದು.

ಬಾಡಿಗೆಯ ನಂತರ ನೋಡಬೇಕಾದದ್ದು ಸರ್ಕಾರದ ಜೇಬು. ನಿಮ್ಮ ಊರಿನಲ್ಲಿ, ಎಂದರೆ ಕುವೈತಿನಲ್ಲಿ, ಸಾಮಾನ್ಯ ಪೆಟ್ರೋಲ್ ಲೀಟರಿಗೆ 85 ಫಿಲ್ಸ್ ಎಂದು 2016ರಲ್ಲಿ ಆದದ್ದು. ಸುಮಾರು ಒಂದು ದಿರ್ಹಂ ಅಷ್ಟೆ. ಯುಎಇ 2015ರ ಆಗಸ್ಟ್‌ನಿಂದ ಪೆಟ್ರೋಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು, ಪ್ರತಿ ತಿಂಗಳೂ ಹೊಸ ದರ. 2022ರ ಜುಲೈನಲ್ಲಿ ಅಲ್ಲಿ ಸ್ಪೆಷಲ್ 95 ಪೆಟ್ರೋಲಿಗೆ 4.52 ದಿರ್ಹಂ ಆಗಿತ್ತು. ಒಂದೇ ಕೊಲ್ಲಿಯ ಎರಡು ತೈಲದ ದೇಶಗಳಲ್ಲಿ ಒಂದರ ಪೆಟ್ರೋಲ್ ಇನ್ನೊಂದರ ನಾಲ್ಕು ಪಟ್ಟಿಗಿಂತ ಹೆಚ್ಚು! ಟ್ಯಾಕ್ಸಿ ದರ, ತರಕಾರಿ ತರುವ ಟೆಂಪೋ ಬಾಡಿಗೆ ಎಲ್ಲವೂ ಅದರ ಬಾಲ ಹಿಡಿದು ಏರುತ್ತವೆ. ಸೌದಿ 2021ರ ಜುಲೈನಲ್ಲಿ ಪೆಟ್ರೋಲ್ ಬೆಲೆಗೆ ಮೇಲ್ಮಿತಿ ಹಾಕಿಕೊಂಡಿತ್ತು. ಆದ್ದರಿಂದಲೇ 2022ರಲ್ಲಿ ಅಮೆರಿಕದ ಬೆಲೆಯೇರಿಕೆ ಶೇ 8 ಆದಾಗ ಯುಎಇ ಐದರ ಹತ್ತಿರ, ಸೌದಿ ಎರಡೂವರೆ.

ತೆರಿಗೆಯೂ ಹೀಗೆಯೇ. ಸೌದಿ, ಯುಎಇ 2018ರ ಜನವರಿಯಲ್ಲಿ ಶೇ 5 ವ್ಯಾಟ್ ಹಾಕಿದವು. ಬಹರೇನ್ 2019ರಲ್ಲಿ ಹಾಕಿ 2022ರಲ್ಲಿ ಹತ್ತಕ್ಕೆ ಏರಿಸಿತು. ಒಮಾನ್ 2021ರಲ್ಲಿ ಸೇರಿಕೊಂಡಿತು. ಕುವೈತ್ ಮತ್ತು ಕತಾರ್ ಮುಂದೂಡುತ್ತಲೇ ಬಂದಿವೆ. ಸೌದಿ ಕೋವಿಡ್ ವೇಳೆ, 2020ರ ಜುಲೈ 1ರಂದು, ಐದರಿಂದ ಒಮ್ಮೆಗೇ 15ಕ್ಕೆ ಹಾರಿತು. ಜೂನ್‌ನಲ್ಲಿ ಅರ್ಧ ಶೇಕಡಾ ಇದ್ದ ಬೆಲೆಯೇರಿಕೆ ಜುಲೈನಲ್ಲಿ 6.1 ಆಯಿತು. ಮರುವರ್ಷದ ಜುಲೈಗೆ ಮತ್ತೆ ಅರ್ಧ ಶೇಕಡಾಕ್ಕಿಂತ ಕೆಳಗೆ ಬಂತು, ಪತ್ರಿಕೆಗಳು 'ಬೆಲೆಯೇರಿಕೆ ಇಳಿಯಿತು' ಎಂದು ಬರೆದವು. ಬೆಲೆ ಇಳಿದಿರಲಿಲ್ಲ. ಹತ್ತಿದ ಮೆಟ್ಟಿಲಿನ ಮೇಲೆಯೇ ನಿಂತಿತ್ತು, ಹೊಸ ಮೆಟ್ಟಿಲು ಹತ್ತಿರಲಿಲ್ಲ ಅಷ್ಟೆ. ಬೆಲೆಯೇರಿಕೆಯ ಅಂಕಿ ವೇಗವನ್ನು ಹೇಳುತ್ತದೆ, ಎತ್ತರವನ್ನು ಹೇಳುವುದಿಲ್ಲ. ಒಮಾನ್‌ನಲ್ಲಿ 2024ರಲ್ಲಿ ಶೇ 1ಕ್ಕಿಂತ ಕಡಿಮೆ, ಕುವೈತಿನಲ್ಲಿ ಮೂರರ ಹತ್ತಿರ ಎಂದು ಓದಿ ಒಮಾನ್ ಅಗ್ಗದ ದೇಶ ಎಂದುಕೊಳ್ಳುವುದು ಇದೇ ಬಗೆಯ ತಪ್ಪು.

ಇರಾನ್ ಬಗ್ಗೆ ಕೇಳಿದ್ದೀರಿ. ಅಲ್ಲಿ ಗಟ್ಟಿಯಾದ ಹಗ್ಗವೇ ಇಲ್ಲ. 1979ರ ಕ್ರಾಂತಿಯ ಹೊತ್ತಿಗೆ ಡಾಲರ್‌ಗೆ 70 ರಿಯಾಲ್ ಇತ್ತು. 2015ರಲ್ಲಿ ಮೂವತ್ತು ಸಾವಿರದ ಮೇಲೆ, 2025ರಲ್ಲಿ ಹತ್ತು ಲಕ್ಷವನ್ನೂ ದಾಟಿತು. 2018ರ ಮೇ ತಿಂಗಳಲ್ಲಿ ಅಮೆರಿಕ ಅಣು ಒಪ್ಪಂದದಿಂದ ಹೊರಬಂದು ಮತ್ತೆ ನಿರ್ಬಂಧ ಹೇರಿದ ಮೇಲೆ ತೈಲವಿದ್ದರೂ ಮಾರಲು ದಾರಿ ಕಿರಿದಾಯಿತು, ಮಾರಿದ ಹಣ ಕೈಗೆ ಬರುವ ದಾರಿ ಇನ್ನೂ ಕಿರಿದು. ಸರ್ಕಾರದ ಖರ್ಚು ಮಾತ್ರ ನಿಲ್ಲುವುದಿಲ್ಲ. ಆ ಕೊರತೆಯನ್ನು ಹೊಸ ಹಣ ಹುಟ್ಟಿಸಿ ತುಂಬಿದರೆ ಆಗುವುದು ಇದೇ, ವರ್ಷಕ್ಕೆ ಶೇ 40ರ ಮೇಲಿನ ಬೆಲೆಯೇರಿಕೆ.

ಆದರೆ ತೈಲ ಬೇರೆ, ಹಣ ಬೇರೆ ಎಂಬುದಕ್ಕೆ ಇರಾನ್‌ಗಿಂತ ಒಳ್ಳೆಯ ಸಾಕ್ಷಿ ನಿಮ್ಮ ಬಡಗಣ ನೆರೆಯ ಇರಾಕ್. 1990ರಲ್ಲಿ ಕುವೈತ್ ಮೇಲೆ ದಾಳಿ ಮಾಡಿದ ನಂತರ ಇರಾಕ್ ಮೇಲೆ ನಿರ್ಬಂಧ ಬಂತು. ಒಳ್ಳೆಯ ಕಾಗದದ ಮೇಲೆ ವಿದೇಶದಲ್ಲಿ ಅಚ್ಚಾಗುತ್ತಿದ್ದ ಹಳೆಯ ದಿನಾರ್ ನೋಟು ಸಿಗದಾಯಿತು. ಸದ್ದಾಂ ಸರ್ಕಾರ ತನ್ನ ಚಿತ್ರವಿರುವ ಕಳಪೆ ನೋಟುಗಳನ್ನು ಒಳಗೇ ಮುದ್ರಿಸತೊಡಗಿತು, 1993ರಲ್ಲಿ ಹಳೆಯ 25 ದಿನಾರ್ ನೋಟನ್ನು ರದ್ದು ಮಾಡಿತು. ಉತ್ತರದ ಕುರ್ದ್ ಪ್ರದೇಶ ಆಗ ಬಾಗ್ದಾದಿನ ಹಿಡಿತದಲ್ಲಿರಲಿಲ್ಲ. ಅಲ್ಲಿನವರು ರದ್ದಾದ ನೋಟನ್ನೇ ನಡೆಸಿಕೊಂಡು ಹೋದರು. ಜನ ಅದನ್ನು 'ಸ್ವಿಸ್ ದಿನಾರ್' ಎನ್ನುತ್ತಿದ್ದರು. ಅದರ ಹಿಂದೆ ಬ್ಯಾಂಕಿಲ್ಲ, ಸರ್ಕಾರವಿಲ್ಲ, ಮೂಲೆಗಳು ಸವೆದ ಕಾಗದ. ಆದರೆ ಯಾರೂ ಹೊಸದಾಗಿ ಮುದ್ರಿಸುವಂತಿರಲಿಲ್ಲ. 2003ರ ಅಕ್ಟೋಬರ್‌ನಲ್ಲಿ ದೇಶಕ್ಕೆಲ್ಲ ಹೊಸ ನೋಟು ಬಂದಾಗ ಬಾಗ್ದಾದಿನ ಒಂದು ದಿನಾರಿಗೆ ಒಂದು ಹೊಸ ದಿನಾರ್ ಕೊಟ್ಟರು. ಆ ರದ್ದಾದ ಹಳೆಯ ಒಂದು ದಿನಾರಿಗೆ 150 ಕೊಟ್ಟರು. ದೇಶ ಒಂದೇ, ತೈಲವೂ ಅದೇ. ಈ ಒಂದು ಸಂಗತಿಯನ್ನು ನಾನು ಎಷ್ಟು ತರಬೇತಿಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ, ಹೇಳುವಾಗಲೆಲ್ಲ ನನಗೇ ಅಚ್ಚರಿಯಾಗುತ್ತದೆ.

ಇನ್ನು ಊಟದ ಬೆಲೆ. ಗಲ್ಫಿನ ಅಡುಗೆಮನೆಗೆ ಸಾಮಾನು ಹೊರಗಿನಿಂದ ಬರಬೇಕು, ಹಾಗಾಗಿ ನಮ್ಮ ಊರಿನ ನಿರ್ಧಾರಗಳೂ ಅಲ್ಲಿ ಬೆಲೆ ಏರಿಸುತ್ತವೆ. 2023ರ ಜುಲೈನಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು, ಆಗಸ್ಟ್‌ನಲ್ಲಿ ಕುಚ್ಚಲಕ್ಕಿಗೆ ಶೇ 20 ರಫ್ತು ಸುಂಕ ಹಾಕಿತು. ಕರಾವಳಿಯವರಾದ ನಿಮಗೆ ಗಂಜಿಯ ತಟ್ಟೆಯಲ್ಲೇ ಅದು ಗೊತ್ತಾಗಿರಬೇಕು. ಪಕ್ಕದ ಕೋಣೆಯಲ್ಲಿ ಕುಬ್ಬೂಸ್ ರೊಟ್ಟಿ ತಿನ್ನುವ ಈಜಿಪ್ಟಿನವನಿಗೆ ಏನೂ ಗೊತ್ತಾಗಿರಲಿಕ್ಕಿಲ್ಲ. ಸರ್ಕಾರದ ಬೆಲೆ ಸೂಚ್ಯಂಕ, ಎಂದರೆ ಎಲ್ಲ ಖರ್ಚುಗಳ ಸರಾಸರಿ ಬೆಲೆಯ ಅಂಕಿ, ಇಬ್ಬರಿಗೂ ಒಂದೇ.

ಇಲ್ಲಿಗೆ ನಿಮ್ಮ ದೊಡ್ಡಪ್ಪನ ಮಗನ ಮಾತು. ಸೌದಿಯಲ್ಲಿ 2017ರ ಜುಲೈನಿಂದ ವಿದೇಶಿ ಕೆಲಸಗಾರರ ಜೊತೆಗಿರುವ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷಕ್ಕೆ ನೂರರಂತೆ ಏರಿ 2020ರ ಜುಲೈಗೆ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 14,400 ರಿಯಾಲ್, ಅದನ್ನೂ ಇಕಾಮ, ಎಂದರೆ ವಾಸದ ಪರವಾನಗಿ, ನವೀಕರಿಸುವಾಗ ಒಟ್ಟಿಗೇ ಕಟ್ಟಬೇಕಿತ್ತು. ಇದು ಬೆಲೆ ಸೂಚ್ಯಂಕದೊಳಗೆ ಬರುವುದೇ ಇಲ್ಲ. ಕುಟುಂಬಗಳು ಊರಿಗೆ ಹೊರಟವು, ಮನೆಗಳು ಖಾಲಿಯಾದವು, ಬಾಡಿಗೆ ಇಳಿಯಿತು. 2019ರಲ್ಲಿ ಸೌದಿಯ ಬೆಲೆಯೇರಿಕೆ ಸೊನ್ನೆಗಿಂತ ಕೆಳಗಿತ್ತು. ಅವನ ಹೆಂಡತಿ ಮಕ್ಕಳು ಹೊರಟುಹೋದದ್ದೂ ಬೆಲೆ ಇಳಿದದ್ದೂ ಒಂದೇ ಘಟನೆಯ ಎರಡು ತುದಿಗಳು. ಈಗ ಗಾಳಿ ತಿರುಗಿದೆ. ರಿಯಾದ್‌ನಲ್ಲಿ ಬಾಡಿಗೆ ಎಷ್ಟು ಏರಿತೆಂದರೆ 2025ರ ಸೆಪ್ಟೆಂಬರ್‌ನಲ್ಲಿ ಐದು ವರ್ಷ ಏರಿಸಕೂಡದೆಂದು ಆಜ್ಞೆ ಹೊರಡಿಸಬೇಕಾಯಿತು.

ಈಗ ನಿಮ್ಮ ವಿಷಯ. ಕುವೈತಿನ ಬೆಲೆಯೇರಿಕೆಯನ್ನೂ ದುಬೈಯ ಬೆಲೆಯೇರಿಕೆಯನ್ನೂ ಪಕ್ಕದಲ್ಲಿಟ್ಟು ನೋಡಬೇಡಿ. ನಾಲ್ವರ ಕೋಣೆಯಲ್ಲಿ ಮಲಗಿ, ಸರದಿಯಲ್ಲಿ ಅಡುಗೆ ಮಾಡುವವನ ಖರ್ಚು ಒಂದು ಬಗೆಯದು. ಅದರಲ್ಲಿ ಬಾಡಿಗೆ ಸಣ್ಣದು, ಶಾಲೆ ಇಲ್ಲ. ಹೆಂಡತಿ ಮಗಳ ಜೊತೆ ಬಾಗಿಲು ಹಾಕಿಕೊಂಡು ಇರುವವನ ಖರ್ಚು ಬೇರೆಯೇ, ಅದರಲ್ಲಿ ಬಾಡಿಗೆ, ಶಾಲೆಗಳೇ ಅರ್ಧಕ್ಕಿಂತ ಹೆಚ್ಚು. ಯುಎಇಯ ಸೂಚ್ಯಂಕದಲ್ಲಿ ವಸತಿಯ ಪಾಲು ಮೂರನೇ ಒಂದರಷ್ಟು, ನಿಮ್ಮ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದಾಗುತ್ತದೆ. ದೇಶ ಬದಲಿಸುವುದಕ್ಕಿಂತ ಬದುಕಿನ ರೀತಿ ಬದಲಿಸುವುದು ನಿಮಗೆ ದುಬಾರಿ.

6,500 ದಿರ್ಹಂನಲ್ಲಿ ಅಲ್ಲಿ ಮೂವರ ಸಂಸಾರ ನಡೆಯುತ್ತದೆ. ಆದರೆ ಈಗ ನೀವು ಊರಿಗೆ ಕಳಿಸುತ್ತಿರುವ 250 ದಿನಾರ್, ಎಂದರೆ ಸುಮಾರು 3,000 ದಿರ್ಹಂ, ಬಹುಮಟ್ಟಿಗೆ ನಿಂತುಹೋಗುತ್ತದೆ. ಊರಿನಲ್ಲಿ ಆ ಹಣದ ಮೇಲೆ ಯಾರು ಯಾರು ನಿಂತಿದ್ದಾರೆಂದು ಹೆಂಡತಿಯ ಜೊತೆ ಕುಳಿತು ಬರೆಯಿರಿ. ತಂದೆತಾಯಿಯ ಔಷಧಿ, ಮನೆಯ ಸಾಲದ ಕಂತು ಇದ್ದರೆ ಈ ಸಂಬಳಕ್ಕೆ ಕುಟುಂಬ ಕರೆಸುವುದು ಅಪಾಯ. ಹಾಗೇನೂ ಇಲ್ಲದಿದ್ದರೆ, ಮಗಳು ಎಂಟು ವರ್ಷದವಳು ಎಂಬುದನ್ನು ನಾನು ಬಹಳ ತೂಕ ಕೊಟ್ಟು ನೋಡುತ್ತೇನೆ. ನೀವು ಅವಳ ಜೊತೆ ಕಳೆದ ರಜೆಯ ತಿಂಗಳುಗಳನ್ನು ಎಣಿಸಿ ನೋಡಿ. ಉಳಿತಾಯ ಕಡಿಮೆಯಾದರೂ ಹೋಗುವುದರಲ್ಲಿ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾನೂನಿನಂತೆ 4,000 ದಿರ್ಹಂ ಸಂಬಳವಿದ್ದರೆ, ಅಥವಾ 3,000 ಮತ್ತು ಕಂಪನಿಯ ಮನೆ ಇದ್ದರೆ, ಅಲ್ಲಿ ಕುಟುಂಬಕ್ಕೆ ವೀಸಾ ಮಾಡಿಸಬಹುದು. ಆ ಅಡ್ಡಿ ನಿಮಗಿಲ್ಲ.

ಮನೆ ಎಲ್ಲಿ ಹಿಡಿಯುವುದು? ದುಬೈಯಲ್ಲಿ ಬಾಡಿಗೆಯನ್ನು ಮನಬಂದಂತೆ ಏರಿಸುವಂತಿಲ್ಲ. ಸುತ್ತಲಿನ ದರಕ್ಕಿಂತ ನಿಮ್ಮ ಬಾಡಿಗೆ ಎಷ್ಟು ಕೆಳಗಿದೆ ಎಂಬುದನ್ನು ನೋಡಿ, 2013ರ ಆದೇಶದಂತೆ, ಗರಿಷ್ಠ ಶೇ 20ರವರೆಗೆ ಏರಿಸಬಹುದು. ಇದರ ಇನ್ನೊಂದು ಮುಖವೆಂದರೆ ಹೊಸದಾಗಿ ಬರುವವನಿಗೆ ಆ ರಕ್ಷಣೆ ಇಲ್ಲ, ಅವನು ಇಂದಿನ ಪೂರ್ತಿ ದರ ಕೊಟ್ಟೇ ಒಳಗೆ ಕಾಲಿಡಬೇಕು. ಎಂಟು ವರ್ಷದಿಂದ ಅದೇ ಮನೆಯಲ್ಲಿರುವವರು ಹೇಳುವ ಬಾಡಿಗೆಯನ್ನು ಕೇಳಿ ಮೋಸಹೋಗಬೇಡಿ. ಮೇಲಾಗಿ ವರ್ಷದ ಬಾಡಿಗೆಯ ಶೇ 5ರಷ್ಟು ಪುರಸಭೆಯ ಶುಲ್ಕ ವಿದ್ಯುತ್ ಬಿಲ್ಲಿನಲ್ಲಿ ಸೇರಿ ಬರುತ್ತದೆ, ಬಾಡಿಗೆಯನ್ನು ಕೆಲವೇ ಚೆಕ್ಕುಗಳಲ್ಲಿ ಮುಂಗಡವಾಗಿ ಕೇಳುತ್ತಾರೆ. ಶಾರ್ಜಾದಲ್ಲಿ 2024ರ ಹೊಸ ಕಾನೂನಿನಂತೆ ಮೊದಲ ಮೂರು ವರ್ಷ ಬಾಡಿಗೆ ಏರಿಸುವಂತಿಲ್ಲ. ಭಾವನವರ ಆಸುಪಾಸಿನಲ್ಲೇ ಮನೆ ನೋಡಿ. ಬೆಳಗ್ಗೆ ಸಂಜೆ ದುಬೈ ರಸ್ತೆಯ ವಾಹನದಟ್ಟಣೆಯಲ್ಲಿ ಕಳೆಯುವ ಗಂಟೆಗಳು ಅದರ ಬೆಲೆ, ಅದನ್ನೂ ತಿಳಿದೇ ಹೋಗಿ.

ಸೈಟಿಗೆಂದು ದಿರ್ಹಂ ಸಾಲ ಮಾತ್ರ ಬೇಡ. ಇದನ್ನು ಒತ್ತಿ ಹೇಳುತ್ತೇನೆ. ದಿರ್ಹಂ ಸಾಲವೆಂದರೆ ಹೆಸರು ಬದಲಿಸಿದ ಡಾಲರ್ ಸಾಲ. 2008ರ ಆರಂಭದಲ್ಲಿ ಡಾಲರ್‌ಗೆ 39 ರೂಪಾಯಿ ಇತ್ತು, ಈಗ 85ನ್ನೂ ದಾಟಿದೆ. ಕೆಲಸವಿರುವವರೆಗೆ ದಿರ್ಹಂನಲ್ಲಿ ದುಡಿದು ದಿರ್ಹಂನಲ್ಲಿ ತೀರಿಸುತ್ತೀರಿ, ನೋವಿಲ್ಲ. ಕೆಲಸ ಹೋದ ದಿನ ಅದೇ ಸಾಲವನ್ನು ಊರಿನ ರೂಪಾಯಿಯಲ್ಲಿ ತೀರಿಸಬೇಕಾಗುತ್ತದೆ, ತೀರಿಸದೆ ಹೊರಡಲು ವಿಮಾನ ನಿಲ್ದಾಣದಲ್ಲೇ ತಡೆ ಬರಬಹುದು. ತೈಲ ಬೆಲೆ ಕುಸಿದ ವರ್ಷಗಳಲ್ಲಿ ಕೆಲಸವೂ ಬಾಡಿಗೆಯೂ ಒಟ್ಟಿಗೇ ಬೀಳುತ್ತವೆ. ಅಂಥ ವರ್ಷದಲ್ಲಿ ಸಾಲಗಾರನಾಗಿ ಸಿಕ್ಕಿಕೊಂಡವರ ಪತ್ರಗಳು ನನ್ನ ಬಳಿ ಬಹಳ ಇವೆ. ಸೈಟು ಬೇಕಿದ್ದರೆ ಊರಿನ ಬ್ಯಾಂಕಿನಲ್ಲಿ ರೂಪಾಯಿ ಸಾಲ ಮಾಡಿ. ಬಡ್ಡಿ ಹೆಚ್ಚಿರುತ್ತದೆ ನಿಜ, ಆದರೆ ರೂಪಾಯಿ ಇಳಿದಷ್ಟೂ ನಿಮ್ಮ ಕಂತು ದಿರ್ಹಂ ಲೆಕ್ಕದಲ್ಲಿ ಹಗುರವಾಗುತ್ತಾ ಹೋಗುತ್ತದೆ.

ಕೊನೆಗೆ, ನಿಮ್ಮ ಪತ್ರದಲ್ಲಿ ನೀವು ಹಾಗೇ ಬರೆದುಬಿಟ್ಟ ಒಂದು ಸಂಗತಿ ಬೆಲೆಯೇರಿಕೆಗಿಂತ ಮುಖ್ಯ: ಒಂಬತ್ತು ವರ್ಷ ನಾಲ್ಕು ತಿಂಗಳು. ಕುವೈತಿನ ಖಾಸಗಿ ವಲಯದ ಕಾರ್ಮಿಕ ಕಾನೂನಿನಂತೆ, ಅವಧಿ ನಿಗದಿಯಾಗದ ಕರಾರಿನಲ್ಲಿರುವವರು ಐದರಿಂದ ಹತ್ತು ವರ್ಷದೊಳಗೆ ತಾವಾಗಿ ಕೆಲಸ ಬಿಟ್ಟರೆ ಸೇವಾಂತ್ಯದ ಹಣದಲ್ಲಿ ಮೂರನೇ ಎರಡು ಪಾಲು ಮಾತ್ರ ಸಿಗುತ್ತದೆ. ಹತ್ತು ವರ್ಷ ದಾಟಿದರೆ ಪೂರ್ತಿ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 15 ದಿನದ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. ಇವತ್ತು ಬಿಡುವುದಕ್ಕೂ ಹತ್ತು ವರ್ಷ ದಾಟಿ ಬಿಡುವುದಕ್ಕೂ ನಿಮ್ಮ ಸಂಬಳದ ಮೇಲೆ ವ್ಯತ್ಯಾಸ 1,300 ದಿನಾರ್‌ಗಿಂತ ಹೆಚ್ಚು. ದುಬೈಯ ಹೆಚ್ಚುವರಿ ಸಂಬಳದಿಂದ ಅಷ್ಟನ್ನು ಕೂಡಿಸಲು ಒಂದು ವರ್ಷವೂ ಸಾಲದು. ಯುಎಇಯಲ್ಲಿ ಮತ್ತೆ ಮೊದಲಿನಿಂದ ಶುರು: ಮೊದಲ ಐದು ವರ್ಷ ವರ್ಷಕ್ಕೆ 21 ದಿನದ್ದು, ಅದೂ ಮೂಲ ವೇತನದ ಮೇಲೆ ಮಾತ್ರ. 2,800ರ ಮೇಲೆ ಅದು ವರ್ಷಕ್ಕೆ 1,960 ದಿರ್ಹಂ. ಕುವೈತಿನಲ್ಲಿ ಈಗ ನಿಮಗೆ ವರ್ಷಕ್ಕೆ ಸೇರುತ್ತಿರುವುದು 450 ದಿನಾರ್, ಎಂದರೆ 5,400 ದಿರ್ಹಂ. ಮೂಲ ವೇತನವನ್ನು 4,000ಕ್ಕಾದರೂ ಏರಿಸಿ ಎಂದು ಕೇಳಿ. ಒಟ್ಟು ಮೊತ್ತ ಅಷ್ಟೇ ಇರಲಿ, ಹಂಚಿಕೆ ಬದಲಿಸಿದರೆ ಸಾಕು ಎಂದರೆ ಹಲವು ಕಂಪನಿಗಳು ಒಪ್ಪುತ್ತವೆ.

ತಿಂಗಳ ಸಂಬಳದವರಿಗೆ ಕುವೈತಿನಲ್ಲಿ ನೋಟಿಸ್ ಅವಧಿ ಮೂರು ತಿಂಗಳು. ನಿಮ್ಮ ಕೊನೆಯ ಕೆಲಸದ ದಿನ ಹತ್ತು ವರ್ಷವನ್ನು ದಾಟಿರಬೇಕು. ಆದ್ದರಿಂದ ಈಗಿನಿಂದ ಐದು ತಿಂಗಳು ತುಂಬುವವರೆಗೆ ರಾಜೀನಾಮೆ ಕೊಡಬೇಡಿ, ಕೊಡುವಾಗಲೂ ಕೊನೆಯ ದಿನ ಯಾವುದೆಂದು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ದುಬೈಯವರಿಗೆ ಇಂದೇ ಉತ್ತರ ಬರೆದು ಒಂಬತ್ತು ತಿಂಗಳ ಸಮಯ ಕೇಳಿ. ಅವರು ಕಾಯದಿದ್ದರೆ ಏಸಿ ಕೆಲಸ ಬಲ್ಲವನಿಗೆ ಆ ಊರಿನಲ್ಲಿ ಇನ್ನೊಂದು ಕರೆ ಬರುತ್ತದೆ. ಮೊದಲು ನಿಮ್ಮ ಕೆಲಸದ ಪರವಾನಗಿಯಲ್ಲಿ ಸೇರಿದ ದಿನಾಂಕ ಏನೆಂದು ಬರೆದಿದೆ, ನೋಡಿ. ವೀಸಾ ಮುದ್ರೆಯ ದಿನಾಂಕವೂ ಕೆಲಸಕ್ಕೆ ಸೇರಿದ ದಿನಾಂಕವೂ ಎಷ್ಟೋ ಸಲ ಬೇರೆ ಇರುತ್ತವೆ.